ಮೂರು ಸರ್ವೋ, ಒಂದು ಚಾರ್ಜರ್

ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ನೌಪಾಡಾದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಯತಿನ್‌ನ ಅಂಗಡಿ. ರಿಮೋಟಿನಿಂದ ಓಡುವ ಕಾರು, ದೋಣಿ, ವಿಮಾನಗಳ ಸಾಮಾನು ಅಲ್ಲಿ ಸಿಗುತ್ತದೆ. ಶನಿವಾರ ಮಧ್ಯಾಹ್ನ ಮಹಾಪೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಅಂಬಾದಾಸ ಆ ಮರದ ಮೆಟ್ಟಿಲು ಹತ್ತಿ ಬಂದನೆಂದರೆ ಒಳಗಿದ್ದ ಗಿರಾಕಿಗಳು ಮಾತು ನಿಲ್ಲಿಸಿ ಅವನಿಗೆ ಜಾಗ ಬಿಡುತ್ತಿದ್ದರು. ಅವನೇನೂ ಸಾಮಾನು ಕೊಳ್ಳುವವನಲ್ಲ. ಬೇರೆಯವರು ಕೊಳ್ಳುವುದನ್ನು ಆರಿಸಿಕೊಡುವವನು.

ಯತಿನ್ ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ವೋಗಳನ್ನು, ಅಂದರೆ ಗಾಲಿ ತಿರುಗಿಸುವ ಪುಟ್ಟ ಮೋಟಾರುಗಳನ್ನು, ಗಾಜಿನ ಮೇಲೆ ಸಾಲಾಗಿ ಇಡುತ್ತಿದ್ದ. ಅಂಬಾದಾಸ ಒಂದೊಂದನ್ನೇ ಎತ್ತಿ, ಅದರ ಪುಟ್ಟ ತೋಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿ, ಕಿವಿಯ ಹತ್ತಿರ ಒಯ್ಯುತ್ತಿದ್ದ. "ಇದರ ಹಲ್ಲು ಸಡ್ಲ ಅದ, ಬ್ಯಾಡ" ಎಂದು ಒಂದನ್ನು ಪಕ್ಕಕ್ಕೆ ಸರಿಸುವನು. ಮತ್ತೊಂದನ್ನು ತಿರುಗಿಸಿ, "ಇದು ಬರೋಬ್ಬರಿ ಅದ" ಎನ್ನುವನು. ಅಷ್ಟೇ. ಡಬ್ಬಿಯ ಮೇಲೆ ಬರೆದ ಅಂಕಿಗಳನ್ನು ಅವನು ಓದುತ್ತಿದ್ದುದು ಕೊನೆಗೆ.

ಅಂಬಾದಾಸ ಓಡಿಸುವಂಥ ನೈಟ್ರೋ ಇಂಧನದ ರಿಮೋಟ್ ಕಾರು ಮಕ್ಕಳ ಆಟಿಕೆಯಲ್ಲ. ಮೊಳದುದ್ದದ ಯಂತ್ರವಾದರೂ ಮೋಟಾರ್ ಸೈಕಲ್ಲಿನ ವೇಗದಲ್ಲಿ ಹೊಗೆ ಉಗುಳುತ್ತ ಓಡುತ್ತದೆ. ಎಂಜಿನ್ ಓಡುವುದು ಇಂಧನದಿಂದ. ಆದರೆ ಗಾಲಿ ತಿರುಗಿಸಲು ಒಂದು, ವೇಗ ಮತ್ತು ಬ್ರೇಕಿಗೆ ಒಂದು, ಹೀಗೆ ಎರಡು ಸರ್ವೋ ಬೇಕು. ಕೈಯಲ್ಲಿರುವ ರಿಮೋಟಿನ ಚಕ್ರವನ್ನು ಎಷ್ಟು ತಿರುಗಿಸಿದೆವೋ ಅಷ್ಟೇ ಕಾರಿನ ಮುಂಗಾಲಿಗಳನ್ನು ತಿರುಗಿಸುವುದು ಮೊದಲನೆಯದರ ಕೆಲಸ. ಅವುಗಳಿಗೆ ಜೀವ ಕೊಡಲು ಕಾರಿನೊಳಗೊಂದು ಚಿಕ್ಕ ಬ್ಯಾಟರಿ. ಓಟದ ನಡುವೆ ಅದು ಸತ್ತಿತೆಂದರೆ ಬ್ರೇಕೂ ಇಲ್ಲ, ದಾರಿಯೂ ಇಲ್ಲ. ಕಾರು ಎದುರು ಸಿಕ್ಕಿದ್ದಕ್ಕೆ ಹೋಗಿ ಬಡಿಯುತ್ತದೆ. ಅದಕ್ಕೇ ಹೊಸಬರಿಗೆ ಅಂಬಾದಾಸ ಮೊದಲು ಈ ಮಾತು ಹೇಳುತ್ತಿದ್ದ: "ಬಣ್ಣದ ಬಾಡಿ ಆಮ್ಯಾಲ ತಗೋರಿ. ಮೊದಲ ಸರ್ವೋ, ಅದರ ಹಿಂದ ಚಾರ್ಜರ್. ಚಾರ್ಜ್ ಆದ ಬ್ಯಾಟರಿ ಮುಟ್ಟಿದ್ರ ಕೈ ಸುಡ್ತದ ಅಂದ್ರ, ಆ ಚಾರ್ಜರ್ ಮನ್ಯಾಗ ಇಡಬ್ಯಾಡ್ರಿ." ಕನ್ನಡದವರಲ್ಲದಿದ್ದರೆ ಇದನ್ನೇ ಮುಂಬೈ ಹಿಂದಿಯಲ್ಲಿ ಹೇಳುತ್ತಿದ್ದ.

ಅಂಬಾದಾಸನ ಊರು ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ. ಅಪ್ಪ ಯಂಕಣ್ಣ ಕಲ್ಯಾಣದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿ ಬೆನ್ನು ಸವೆಸಿದವನು. "ನೀ ಮೂಟಿ ಹೊರಬ್ಯಾಡ, ಕೈ ಕೆಲಸ ಕಲಿ" ಎಂದು ಮಗನನ್ನು ಹದಿನಾರನೆಯ ವಯಸ್ಸಿಗೇ ಲೇತ್ ಅಂಗಡಿಗೆ ಸೇರಿಸಿದ್ದ. ಆ ಕೈಕೆಲಸವೇ ಅಂಬಾದಾಸನನ್ನು ಮಹಾಪೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಟೂಲ್ ರೂಮಿಗೆ ತಂದಿತು. ಅಚ್ಚುಗಳ ಉಕ್ಕನ್ನು ಅರದಿಂದ ಉಜ್ಜಿ ಕೂದಲೆಳೆಯಷ್ಟು ಸರಿಮಾಡುವ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ. ಹೆಂಡತಿ ಚಂದ್ರಬಾಯಿ, ಮಗಳು ಅಕ್ಷಯಾ, ವಿಠ್ಠಲವಾಡಿಯ ಚಾಳಿನಲ್ಲಿ ಒಂದೂವರೆ ಖೋಲಿ. ಇದು ಅವನ ಸಂಸಾರ.

ಕಾರಿನ ಹುಚ್ಚು ಹಿಡಿಸಿದವರು ಪುಂಡರೀಕಾಕ್ಷ. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲಿನ ಮಾಲಿಕರು. ಹನ್ನೆರಡು ವರ್ಷದ ಹಿಂದೆ ಅವರ ಹೋಟೆಲಿನ ಗ್ರೈಂಡರ್ ಕೆಟ್ಟಾಗ ಯಾರೋ ಅಂಬಾದಾಸನ ಹೆಸರು ಹೇಳಿದ್ದರು. ಗ್ರೈಂಡರ್ ಸರಿಮಾಡಿ ಕೈ ಒರೆಸಿಕೊಳ್ಳುತ್ತಿದ್ದಾಗ ಅವರು ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು.

"ಇದು ನನ್ನ ಭಾವ ದುಬೈಯಿಂದ ತಂದದ್ದು ಮಾರಾಯ್ರೆ. ಇವತ್ತಿನವರೆಗೆ ಒಮ್ಮೆಯೂ ಸ್ಟಾರ್ಟ್ ಆಗ್ಲಿಲ್ಲ. ನಿಮ್ಮಿಂದ ಆಗ್ತದಾ ನೋಡಿ."

ಮೂರನೆಯ ದಿನ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಆ ಕಾರು ಕಿರುಚಿಕೊಂಡು ಓಡಿತು. ಪಾತ್ರೆ ತೊಳೆಯುವವರೆಲ್ಲ ಕೈ ನೊರೆ ಸಮೇತ ಹೊರಗೆ ಬಂದು ನೋಡಿದರು. ಓಡಿಸಿದವನು ಅಂಬಾದಾಸ. ಅಂದಿನಿಂದ ಕಾರು ಪುಂಡರೀಕಾಕ್ಷರದು, ಕೈ ಅಂಬಾದಾಸನದು. ಭಾನುವಾರಗಳಂದು ಮಹಾಪೆಯ ಆಚೆ, ಗುಡ್ಡದ ಬುಡದ ಖಾಲಿ ಮೈದಾನದಲ್ಲಿ ಹತ್ತಾರು ಜನ ಸೇರಿ ಪೈಪು ಹಾಸಿ ಟ್ರ್ಯಾಕ್ ಮಾಡಿಕೊಂಡು ರೇಸ್ ನಡೆಸುತ್ತಿದ್ದರು. ಡಾಕ್ಟರುಗಳು, ಬಿಲ್ಡರುಗಳು, ಐಟಿ ಕಂಪನಿಯ ಹುಡುಗರು. ಅವರ ನಡುವೆ ಕಾರ್ಖಾನೆಯ ನೀಲಿ ಅಂಗಿ ತೊಟ್ಟವನು ಇವನೊಬ್ಬನೇ. ಅವನ ಕಾರು ತಿರುವಿನಲ್ಲಿ ಒಳಗಿನ ಪೈಪನ್ನು ಸವರುವಷ್ಟು ಹತ್ತಿರದಿಂದ, ಆದರೆ ಮುಟ್ಟದೆ, ಹೋಗುವುದನ್ನು ನೋಡಲು ಬೇರೆಯವರು ತಮ್ಮ ಕಾರು ನಿಲ್ಲಿಸಿ ಬರುತ್ತಿದ್ದರು. ಹಾಗೆ ನೋಡುವಾಗ ಪುಂಡರೀಕಾಕ್ಷರ ಎದೆ ಉಬ್ಬುತ್ತಿತ್ತು. ಅಂಬಾದಾಸನಿಗೂ, ಹೇಳಿಕೊಳ್ಳದಿದ್ದರೂ, ವಾರದ ಆರು ದಿನ ಇದ್ದದ್ದೇ ಆ ಒಂದು ಗಂಟೆಗಾಗಿ.

ಹೋದ ವರ್ಷ ದೀಪಾವಳಿಯ ನಂತರ ಪುಂಡರೀಕಾಕ್ಷರು ಕಾರಿಗೆ ಹೊಸ ಸರ್ವೋ ಹಾಕಿಸೋಣ ಎಂದರು. ಅಂಬಾದಾಸ ಯತಿನ್‌ನ ಅಂಗಡಿಯಲ್ಲಿ ಅರ್ಧ ದಿನ ಕೂತು ಒಂದನ್ನು ಆರಿಸಿದ. ಉಕ್ಕಿನ ಹಲ್ಲಿನದು, ಬಲು ಚುರುಕು. ಬೆರಳು ಅಲುಗಿದರೆ ಸಾಕು, ಗಾಲಿ ಅಲುಗುತ್ತದೆ.

ಮೊದಲ ಭಾನುವಾರವೇ ಏನೋ ಸರಿಯಿಲ್ಲ ಅನ್ನಿಸಿತು. ನೇರ ಓಟದಲ್ಲಿ ಕಾರಿನ ಮೂತಿ ಸಣ್ಣಗೆ ಆಚೆ ಈಚೆ ಒದ್ದಾಡುತ್ತಿತ್ತು. ಮೀನು ನೀರಿನಲ್ಲಿ ಹೋಗುವ ಹಾಗೆ. ತಿರುವು ಬಂದಾಗ ಸರಿ, ನೇರಕ್ಕೆ ಬಂದಾಗ ಮತ್ತೆ ಅದೇ. ರಿಮೋಟನ್ನು ನೆಲದ ಮೇಲಿಟ್ಟು ನೋಡಿದ. ಗಾಲಿ ನಿಶ್ಚಲ. "ಎಂಜಿನ್ ನಡಗಿದಾಗ ಅಷ್ಟ ಬರೋ ರೋಗ ಇದು, ಒಳಗ ವೈರ್ ಸಡ್ಲ ಇರಬೇಕು" ಎಂದು ತೀರ್ಮಾನಿಸಿ ಸರ್ವೋವನ್ನು ಯತಿನ್‌ಗೆ ಮರಳಿಸಿದ. ಯತಿನ್ ತಕರಾರು ಮಾಡದೆ ಬದಲಿ ಕೊಟ್ಟ. ಅದೂ ಹಾಗೇ ಆಯಿತು.

ಅದನ್ನೂ ಮರಳಿಸಿ, ಮೂರನೆಯದನ್ನು ಬೇರೆ ಕಂಪನಿಯಿಂದ ಆರಿಸಿದ. ಆರಿಸುವಾಗ ಎಂದಿನಂತೆ ತೋಳು ತಿರುಗಿಸಿದ, ಕಿವಿಗೆ ಹಿಡಿದ. ಆದರೆ ಆ ಸಲ ಒಳಗಿನ ಹಲ್ಲಿನ ಸದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಲಿಲ್ಲ. ಫ್ಯಾನಿನ ಗದ್ದಲ ಎಂದುಕೊಂಡ. ಕಾರಿಗೆ ಕೂರಿಸಿದರೆ ಅದೂ ಒದ್ದಾಡಿತು. ಆಗ ಅವನ ಅನುಮಾನ ಬ್ಯಾಟರಿಯ ಮೇಲೆ ಹೋಯಿತು. ಮೀಟರ್ ಹಿಡಿದು ಅಳೆದರೆ ಬ್ಯಾಟರಿ ತುಂಬಿತ್ತು. ಓಡುವಾಗ ಇಳಿಯುತ್ತಿರಬೇಕು, ಚಾರ್ಜರ್ ಪೂರ್ತಿ ತುಂಬದೆಯೇ ತುಂಬಿತೆಂದು ಸುಳ್ಳು ತೋರಿಸುತ್ತಿರಬೇಕು ಎಂದುಕೊಂಡು ಯತಿನ್ ಹತ್ತಿರವೇ ಹೊಸ ಚಾರ್ಜರ್ ತಂದ. ಬ್ಯಾಟರಿ ಕೈಗೆ ತಣ್ಣಗೇ ಇತ್ತು. ಕಾರು ಮಾತ್ರ ಬದಲಾಗಲಿಲ್ಲ.

ಜನವರಿಯ ಒಂದು ಭಾನುವಾರ ರೇಸಿನಲ್ಲಿ ಅಂಬಾದಾಸ ಎರಡನೆಯವನಾಗಿದ್ದ. ಮುಂದಿನ ಕಾರನ್ನು ಹಿಂದೆ ಹಾಕಲು ನೇರ ಓಟದಲ್ಲಿ ಪೂರ್ತಿ ವೇಗ ಕೊಟ್ಟ. ಕಾರಿನ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿತು. ಕಾರು ಪೈಪಿಗೆ ತಾಗಿ ಮೇಲಕ್ಕೆ ಹಾರಿತು. ಟ್ರ್ಯಾಕಿನ ಅಂಚಿನಲ್ಲಿ ಬಿಳಿ ಪ್ಯಾಂಟು ತೊಟ್ಟು ನಿಂತಿದ್ದ ಪುಂಡರೀಕಾಕ್ಷರ ಮೊಣಕಾಲಿನ ಕೆಳಗೆ ಬಡಿಯಿತು. ಅವರು ನಿಂತಲ್ಲೇ ಕುಸಿದರು. ಮೂಳೆ ಸೀಳಿತ್ತು. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ಅಂಬಾದಾಸ ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನೀವು ಯಾಕೆ ಹೀಗೆ ಮುಖ ಮಾಡ್ತೀರಿ? ನಾನು ನಿಂತದ್ದೇ ತಪ್ಪು ಜಾಗದಲ್ಲಿ" ಎಂದರು ಪುಂಡರೀಕಾಕ್ಷ, ನೋವಿನಲ್ಲೇ.

ಆ ಸಮಾಧಾನವನ್ನೇ ಅವನಿಂದ ಸಹಿಸಲಾಗಲಿಲ್ಲ. ಅವರು ಬೈದಿದ್ದರೆ ಬಹುಶಃ ಮನೆಗೆ ಹೋಗಿ ಮಲಗುತ್ತಿದ್ದ. ಪ್ಲಾಸ್ಟರ್ ಹಾಕಿಸಿ ಅವರನ್ನು ಮನೆ ಮುಟ್ಟಿಸಿದ ಮೇಲೆ ಅವನು ನೇರ ಠಾಣೆಯ ಲೋಕಲ್ ಹಿಡಿದ. ಭಾನುವಾರದ ಸಂಜೆ, ಯತಿನ್‌ನ ಅಂಗಡಿ ತುಂಬಿತ್ತು. ಅಂಬಾದಾಸ ಕಾರಿನಿಂದ ಬಿಚ್ಚಿ ತಂದಿದ್ದ ಸರ್ವೋವನ್ನು ಗಾಜಿನ ಮೇಲೆ ಕುಕ್ಕಿದ.

"ನಕಲಿ ಮಾಲು ಮಾರ್ತೀ ನೀ! ಮೂರೂ ನಕಲಿ! ಚಾರ್ಜರ್ ಸುದ್ದಾ ನಕಲಿ! ಇವತ್ತ ಒಬ್ಬರ ಕಾಲು ಮುರದದ ನಿನ್ನಿಂದ!" ಕನ್ನಡದಲ್ಲಿ ಶುರುಮಾಡಿದವನು, ಎಲ್ಲರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲಿ ಕೂಗಿದ.

ಯತಿನ್‌ಗೆ ಮೂವತ್ತು ವರ್ಷ. ಹುಟ್ಟಿ ಬೆಳೆದದ್ದು ಠಾಣೆಯಲ್ಲೇ. ತಾಯಿ ಕುಂದಾಪುರದವರಾದ್ದರಿಂದ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಯಾವಾಗಲೂ ಹಿಂದಿಯಲ್ಲಿ. "ಕಾಕಾ, ಪಹಲೇ ಬೈಠೋ ತೋ ಸಹೀ" ಎಂದು ಕೂರಲು ಹೇಳಿ ಅವನು ಸ್ಟೂಲು ಎಳೆದ. ಮರಳಿಸಿದ ಎರಡೂ ಸರ್ವೋಗಳನ್ನು ತಾನು ಬೇರೆ ಕಾರಿಗೆ ಹಾಕಿ ನೋಡಿದ್ದೇನೆ, ಅವುಗಳಲ್ಲಿ ದೋಷವಿಲ್ಲ ಎಂದು ಹೇಳಲು ಹೊರಟ. ಅಂಬಾದಾಸ ಕೇಳಲಿಲ್ಲ. ಸರ್ವೋವನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಸ್ಟೂಲನ್ನು ಕಾಲಿನಿಂದ ತಳ್ಳಿ ಮೆಟ್ಟಿಲಿಳಿದು ಹೋದ.

ಬೇರೆ ಯಾರಾದರೂ ಹಾಗೆ ಕೂಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಕೂಗಿದವನು ಅಂಬಾದಾಸ. ಅಂದೇ ಮಾತು ರೇಸಿನವರ ವಾಟ್ಸಾಪ್ ಗುಂಪಿಗೆ ಹೋಯಿತು. ವಾರದೊಳಗೆ ಠಾಣೆಯವರೂ ನವಿ ಮುಂಬೈಯವರೂ ಸಾಮಾನನ್ನು ಬೇರೆ ಕಡೆಯಿಂದ ತರಿಸಲು ಶುರುಮಾಡಿದರು. ಅಂಬಾದಾಸನಿಗೆ ಅದು ತಿಳಿದಿತ್ತು. ತಕ್ಕ ಶಾಸ್ತಿಯಾಯಿತು ಎಂದೇ ಅವನ ಎಣಿಕೆ.

ಫೆಬ್ರವರಿಯ ಕೊನೆಯ ಭಾನುವಾರ. ಪುಂಡರೀಕಾಕ್ಷರ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ, ಆದ್ದರಿಂದ ಮೈದಾನಕ್ಕೆ ಹೋಗುವ ಮಾತಿರಲಿಲ್ಲ. ಬೆಳಗಿನ ಬಿಸಿಲು ಚಾಳಿನ ಮಹಡಿಯ ಓಣಿಗೆ ಬಂದಿತ್ತು. ಅಂಬಾದಾಸ ಬಾಗಿಲ ಮುಂದೆ ಪೇಪರು ಹಾಸಿ, ಕಾರನ್ನು ಮರದ ತುಂಡಿನ ಮೇಲೆ ಗಾಲಿ ಮೇಲೆದ್ದಂತೆ ಇಟ್ಟು, ಅದರ ಬಾಡಿ ಬಿಚ್ಚಿ ಕೂತಿದ್ದ. ಎಂಜಿನ್ ಬಂದ್. ಎಡಗೈಯಲ್ಲಿ ರಿಮೋಟಿನ ಹಿಡಿಕೆ, ಅದರ ಪಕ್ಕದ ಚಕ್ರದ ಮೇಲೆ ಬಲಗೈ. ಮುಂಗಾಲಿಗಳು ಟಿಕಟಿಕನೆ ಕುಣಿಯುತ್ತಿದ್ದವು. ಎಂಜಿನ್ ಬಂದ್ ಇದ್ದರೂ! ಅಂದರೆ ಎಂಜಿನ್ನಿನ ನಡುಕದಿಂದ ಬರುವ ದೋಷವಲ್ಲ. ಯಾವುದೋ ವೈರನ್ನು ಅದುಮಿದರೆ ನಿಲ್ಲುತ್ತದೇನೋ ನೋಡಬೇಕು. ಅದಕ್ಕೆ ಎರಡೂ ಕೈ ಬೇಕು.

"ಏ ಚಂದ್ರಿ, ಇಲ್ಲಿ ಬಾ. ಇದನ್ನ ಹಿಡಿ."

ಚಂದ್ರಬಾಯಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ಹನ್ನೆರಡು ವರ್ಷದಲ್ಲಿ ಅವಳು ಆ ರಿಮೋಟನ್ನು ಮುಟ್ಟಿದ್ದು ಅದೇ ಮೊದಲು. ಕೋಳಿ ಹಿಡಿದ ಹಾಗೆ ಎದೆಗವಚಿ ಹಿಡಿದಳು.

"ಹಂಗಲ್ಲ. ಈ ಚಕ್ರದ ಮ್ಯಾಲ ಕೈ ಇಡು. ತಿರುವಬ್ಯಾಡ, ಸುಮ್ನ ಇಡು."

ಅವಳು ಇಟ್ಟಳು. ಗಾಲಿಗಳು ನಿಂತವು.

ಅಂಬಾದಾಸ ಇನ್ನೂ ವೈರನ್ನು ಮುಟ್ಟಿರಲಿಲ್ಲ. "ಬಿಡು" ಎಂದ. ಬಿಟ್ಟಳು. "ಮತ್ತ ಹಿಡಿ." ಹಿಡಿದಳು. ಗಾಲಿಗಳು ಗೋಡೆಗೆ ಹೊಡೆದ ಮೊಳೆಯಂತೆ ಅಲುಗದೆ ನಿಂತಿದ್ದವು. ಅವನು ಅವಳ ಕೈಯಿಂದ ರಿಮೋಟು ತೆಗೆದುಕೊಂಡು ಚಕ್ರದ ಮೇಲೆ ತನ್ನ ಬೆರಳಿಟ್ಟ. ಟಿಕಟಿಕ ಶುರುವಾಯಿತು. ಆಗ ಅವನು ಕಾರನ್ನು ಬಿಟ್ಟು ತನ್ನ ಕೈಯನ್ನು ನೋಡಿದ. ಹೆಬ್ಬೆರಳು ತೋರುಬೆರಳಿಗೆ ಮೆಲ್ಲಗೆ ಉಜ್ಜುತ್ತಿತ್ತು, ಯಾರೋ ಅಲ್ಲಿ ಕೂತು ವಿಭೂತಿ ಪುಡಿಮಾಡುತ್ತಿರುವ ಹಾಗೆ. ನಿಲ್ಲು ಅಂದುಕೊಂಡ. ನಿಲ್ಲಲಿಲ್ಲ.

ತಲೆ ಎತ್ತಿದ. ಚಂದ್ರಬಾಯಿ ಅಲ್ಲೇ ನಿಂತಿದ್ದಳು. ಅವಳು ಕಾರನ್ನು ನೋಡುತ್ತಿರಲಿಲ್ಲ.

"ನಿನಗ ಗೊತ್ತಿತ್ತೇನು?"

"ದಸರಾದಾಗಿಂದ ನೋಡ್ಲತ್ತೀನ್ರಿ. ಚಾ ಕುಡೀವಾಗ ಬಶಿ ಸಪ್ಪಳ ಮಾಡ್ತದ. ಟಿವಿ ನೋಡ್ಕೋತ ಕುಂತಾಗ ತೊಡಿ ಮ್ಯಾಲಿನ ಕೈ ಅಲುಗ್ತದ."

"ಮತ್ತ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿಮ್ಮ ಕೈ ಬಗ್ಗೆ ನಾ ಹ್ಯಾಂಗ ಹೇಳ್ಲಿ?" ಎಂದಳು. ಒಳಗೆ ಹೆಂಚಿನ ಮೇಲೆ ಬಿಟ್ಟುಬಂದ ರೊಟ್ಟಿ ಸೀಯುವ ವಾಸನೆ ಬಂತು. ಇಬ್ಬರೂ ಎದ್ದು ಹೋಗಲಿಲ್ಲ.

ಅಕ್ಷಯಾ ಐರೋಲಿಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅವಳೇ ಓಡಾಡಿ ನರರೋಗದ ಡಾಕ್ಟರರ ಸಮಯ ಪಡೆದಳು. ಡಾಕ್ಟರು ಅಂಬಾದಾಸನ ಕೈಯಲ್ಲಿ ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು. ಎಡಗೈ ಸಲೀಸಾಗಿ ತಟ್ಟಿತು. ಬಲಗೈ ಶುರುವಿನಲ್ಲಿ ತಟ್ಟಿ, ಬರಬರುತ್ತ ಚಿಕ್ಕದಾಗಿ, ನಡುವೆ ನಿಂತೇಹೋಯಿತು. ಆಸ್ಪತ್ರೆಯ ಪಡಸಾಲೆಯುದ್ದ ನಡೆಸಿದರು. ಬಲಗೈ ಬೀಸುತ್ತಿಲ್ಲ ಎಂದರು. ಹೆಸರು ಬರೆಸಿದರು. ತನ್ನ ಹೆಸರು ಇರುವೆ ಸಾಲಿನಷ್ಟು ಸಣ್ಣದಾಗಿದ್ದನ್ನು ಅಂಬಾದಾಸ ಅಲ್ಲೇ ಮೊದಲು ಗಮನಿಸಿದ್ದು. ಪಾರ್ಕಿನ್ಸನ್ ಎಂದರು ಡಾಕ್ಟರು. ಗುಣವಾಗುವ ಕಾಯಿಲೆಯಲ್ಲ, ಗುಳಿಗೆಯಿಂದ ಹಿಡಿತದಲ್ಲಿಡಬಹುದು, ವರ್ಷಗಟ್ಟಲೆ ಚೆನ್ನಾಗಿ ಬದುಕಬಹುದು ಎಂದು ಸಮಾಧಾನ ಹೇಳಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ದಿನದಿಂದ ಇದ್ದಿರಬೇಕು? ಕಣ್ಣಿಗೆ ಕಾಣುವ ಮೊದಲೇ ಒಳಗೆ ಬಂದು ಕೂತಿರುತ್ತದೆ ಎಂದರು ಡಾಕ್ಟರು.

ಅಂದರೆ ಸರ್ವೋ ಬದಲಿಸುವ ಮೊದಲಿಂದಲೂ ಇತ್ತು. ಹಳೆಯ ನಿಧಾನ ಸರ್ವೋ ಅವನ ಬೆರಳಿನ ಸಣ್ಣ ನಡುಕವನ್ನು ಗಾಲಿಯವರೆಗೆ ಒಯ್ಯುತ್ತಿರಲಿಲ್ಲ. ಅವನೇ ಆರಿಸಿ ತಂದ ಚುರುಕಿನ ಸರ್ವೋ ಒಯ್ಯಿತು. ಮೂರೂ ಒಯ್ದವು. ಒಂದರಲ್ಲೂ ದೋಷವಿರಲಿಲ್ಲ.

ಡಾಕ್ಟರರಲ್ಲಿಂದ ಮರಳಿ ಬರುವಾಗ ರೈಲು ಮುಂಬ್ರಾ ದಾಟುತ್ತಿದ್ದಂತೆ ಅವನು ಮಗಳಿಗೆ ಹೇಳಿದ: "ನಾ ಹೇಳ್ತೀನಿ, ನೀ ಬರಿ. ರೇಸಿನವರ ಗ್ರೂಪಿಗೆ ಹಾಕೋಣು."

ಯತಿನ್ ಕೊಟ್ಟ ಮಾಲಿನಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು, ನನ್ನ ಕೈಗೆ ಪಾರ್ಕಿನ್ಸನ್ ಅನ್ನೋ ರೋಗ ಬಂದದ, ಅದಕ್ಕೇ ಕಾರು ಒದ್ದಾಡಿತು ಎಂದು ಬರೆಸಿದ. ಅಕ್ಷಯಾ ಹಿಂದಿಯಲ್ಲಿ ಬರೆದು ಓದಿ ತೋರಿಸಿದಳು. ರೋಗದ ಸಾಲು ಇರಲಿಲ್ಲ.

"ಅದನ್ನೂ ಹಾಕು."

"ಮತ್ ಡಾಲೋ ಪಪ್ಪಾ. ಕಂಪನಿ ಮೇಂ ಪತಾ ಚಲೇಗಾ." ಕಂಪನಿಯವರಿಗೆ ತಿಳಿದುಬಿಡುತ್ತದೆ ಎಂಬ ಹೆದರಿಕೆ ಅವಳಿಗೆ: ಗುಂಪಿನಲ್ಲಿದ್ದ ಒಬ್ಬ ಹುಡುಗ ಅಪ್ಪನ ಕಾರ್ಖಾನೆಯ ಮ್ಯಾನೇಜರರ ಅಳಿಯ.

"ಬರೇ ತಪ್ಪಾತು ಅಂದ್ರ, ಮುದುಕ ಏನೋ ಮನಸ್ಸು ಕರಗಿ ಅಂತಾನ ಅಂತಾರ. ಯಾರೂ ನಂಬೂದಿಲ್ಲ. ಅದನ್ನ ಹಾಕು ಅವ್ವಾ."

ಅಕ್ಷಯಾ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡು ಆ ಸಾಲನ್ನು ಸೇರಿಸಿದಳು.

ಮರುದಿನ ಅವನು ಯತಿನ್‌ನ ಅಂಗಡಿಗೆ ಹೋದ. ಮೆಟ್ಟಿಲು ಹತ್ತಿದವನಿಗೆ ಬೇರೆ ಅಂಗಡಿಗೆ ಬಂದೆನೇನೋ ಅನ್ನಿಸಿತು. ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿತ್ತು. ಕಿಟಕಿಯ ಕಡೆಯ ಅರ್ಧದಲ್ಲಿ ಯಾರೋ ಮೊಬೈಲ್ ಕವರುಗಳನ್ನು ತೂಗುಹಾಕಿಕೊಂಡು ಕೂತಿದ್ದರು. ಉಳಿದ ಕತ್ತಲೆಯ ಅರ್ಧದಲ್ಲಿ ಯತಿನ್ ಒಬ್ಬನೇ ಇದ್ದ.

ಅಂಬಾದಾಸ ಕೂರಲಿಲ್ಲ. "ಮೆಸೇಜ್ ನೋಡಿದೇನಪಾ?"

ಯತಿನ್ ಹೌದೆಂದು ತಲೆಯಾಡಿಸಿದ.

"ತಪ್ಪಾತು ನಂದು. ನಿನ್ನ ಬಾಯಿಗಿ ಮಾತು ಬರೂದಕ್ಕ ಬಿಡಲಿಲ್ಲ ಅವತ್ತ."

ಯತಿನ್ ಎದುರಿಗಿದ್ದ ಡಬ್ಬಿಯ ಮುಚ್ಚಳವನ್ನು ತೆರೆದು ಮುಚ್ಚಿದ. ಆಮೇಲೆ, ಅಂಬಾದಾಸನಿಗೆ ಗೊತ್ತಿದ್ದ ಹಾಗೆ ಮೊದಲ ಸಲ, ಕನ್ನಡದಲ್ಲಿ ಮಾತಾಡಿದ. ತಾಯಿಯ ಕನ್ನಡ, ತಡವರಿಸುತ್ತ ಬಂತು.

"ಕೈಯದ್ದು ನಂಗೆ ಅರ್ಥ ಆಗ್ತದೆ. ಕೈ ಯಾರದ್ದೂ ಹಾಗೆ ಆಗ್ಬಹುದು. ನೀವು ಒಂದು ಮಾತು ನನ್ನನ್ನು ಕೇಳ್ಬಹುದಿತ್ತಲ್ಲ? ಹತ್ತು ವರ್ಷದಿಂದ ಬರ್ತೀರಿ. ಒಂದು ಮಾತು."

ಅಂಬಾದಾಸ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ. ಯತಿನ್ ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ. "ಚಾಯ್ ಪಿಯೋಗೇ?" ಎಂದ, ಮತ್ತೆ ಹಿಂದಿಯಲ್ಲಿ. ಇಬ್ಬರೂ ಚಹಾ ಕುಡಿದರು. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅಂಬಾದಾಸ ಕೇಳಲೂ ಇಲ್ಲ. ಗಿರಾಕಿಗಳು ಕೆಲವರು ಮರಳಿ ಬಂದರು. ಎಲ್ಲರೂ ಬರಲಿಲ್ಲ. ಬೇರೆ ಕಡೆ ಅಭ್ಯಾಸವಾದವರು ಅಲ್ಲೇ ಉಳಿದರು. ಪ್ಲೈವುಡ್ಡಿನ ಗೋಡೆ ಇಂದಿಗೂ ಇದೆ.

ಅಕ್ಷಯಾ ಹೆದರಿದ್ದಂತೆಯೇ ಆಯಿತು. ಹತ್ತನೆಯ ದಿನ ಮ್ಯಾನೇಜರು ಅಂಬಾದಾಸನನ್ನು ಕರೆದು ಕೂರಿಸಿ, ಪ್ರೀತಿಯಿಂದಲೇ ಮಾತಾಡಿ, ಇನ್ನು ಟೂಲ್ ರೂಮ್ ಬೇಡ, ಸ್ಟೋರಿನಲ್ಲಿ ಕೂತುಕೊಳ್ಳಿ ಎಂದರು. ಪಗಾರಕ್ಕೆ ಕತ್ತರಿಯಿಲ್ಲ. ಕೆಲಸಗಾರರಿಗೆ ಕೈಗವಸು, ಸಾಬೂನು ಕೊಡುವ ಕಿಟಕಿ. ಅವನು ತನ್ನ ಅರಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟೂಲ್ ರೂಮಿನಲ್ಲೇ ಬಿಟ್ಟು ಬಂದ. ಮನೆಗೆ ತಂದರೆ ಚಂದ್ರಬಾಯಿ ನೋಡುತ್ತಾಳೆ ಎಂದು.

ಏಪ್ರಿಲ್‌ನಲ್ಲಿ ಪುಂಡರೀಕಾಕ್ಷರು ಕುಂಟುತ್ತ ವಿಠ್ಠಲವಾಡಿಗೆ ಬಂದರು. ಹೋಟೆಲಿನಿಂದ ಬಾಳೆಹಣ್ಣಿನ ಬನ್ಸ್ ಕಟ್ಟಿಸಿಕೊಂಡು ಬಂದಿದ್ದರು. ಚಾಳಿನ ಮೆಟ್ಟಿಲು ಹತ್ತಲು ಅವರಿಗೆ ಹತ್ತು ನಿಮಿಷ ಹಿಡಿಯಿತು.

"ಕಾರು ಏನು ಮಾಡುವ ಅಂಬಾದಾಸ್ರೇ?" ಎಂದು ಕೇಳಿದರು.

"ಬ್ಯಾರೆ ಡ್ರೈವರ್ ಇಟ್ಕೋರಿ ಅಣ್ಣಾ. ಭಾಳ ಮಂದಿ ಅದಾರ."

"ನನಗೆ ಬೇರೆಯವರು ಬೇಡ. ನೀವು ಓಡಿಸುವುದಾದರೆ ಇರಲಿ, ಇಲ್ಲವಾದರೆ ಮಾರುವ."

ಅಂಬಾದಾಸ ಆ ವಾರವೆಲ್ಲ ಯೋಚಿಸಿದ. ಶನಿವಾರ ಯತಿನ್‌ನ ಅಂಗಡಿಗೆ ಹೋಗಿ ಕೇಳಿದ: ನಿನ್ನ ಹತ್ತಿರ ಎಲ್ಲಕ್ಕಿಂತ ನಿಧಾನದ ಸರ್ವೋ ಯಾವುದು? ಯತಿನ್ ಅವನ ಮುಖವನ್ನೊಮ್ಮೆ ನೋಡಿ, ಏಣಿ ಹತ್ತಿ ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ಯಾರೂ ಕೇಳದ ಹಳೆಯ ಮಾಲು. ಅಂಬಾದಾಸ ಅದನ್ನು ಕಿವಿಗೆ ಹಿಡಿಯಲಿಲ್ಲ. "ನೀನೇ ನೋಡಿ ಹೇಳಪಾ" ಎಂದು ಯತಿನ್ ಕೈಗೇ ಕೊಟ್ಟ. ಯತಿನ್ ತೋಳನ್ನು ತಿರುಗಿಸಿ ನೋಡಿ, "ಠೀಕ್ ಹೈ" ಎಂದ.

ಮಹಾವೀರ ಜಯಂತಿಯ ರಜೆಯ ದಿನ, ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ಗುಡ್ಡದ ನೆರಳು ಇನ್ನೂ ಅರ್ಧ ಟ್ರ್ಯಾಕಿನ ಮೇಲಿತ್ತು. ಎಂಜಿನ್ ಚಾಲೂ ಮಾಡುವಾಗ ಪ್ಲಗ್ಗನ್ನು ಕಾಯಿಸುವ ಬ್ಯಾಟರಿ ಕಡ್ಡಿಯನ್ನು ಅದರ ತಲೆಗೆ ಕೂರಿಸಲು ಅಂಬಾದಾಸನಿಂದ ಆಗಲಿಲ್ಲ. ಮೂರು ಸಲ ಪಕ್ಕಕ್ಕೆ ಹೋಯಿತು. ಪುಂಡರೀಕಾಕ್ಷರು ಸರಿಯಿಲ್ಲದ ಕಾಲನ್ನು ಚಾಚಿ ನೆಲದ ಮೇಲೆ ಕೂತು, ಅವನು ಹೇಳಿದಂತೆ ಒತ್ತಿ ಕೂರಿಸಿದರು. ಎಂಜಿನ್ ಕಿರುಚಿತು.

ಕಾರು ಒದ್ದಾಡಲಿಲ್ಲ. ನಿಧಾನದ ಸರ್ವೋ ಅವನ ಬೆರಳಿನ ನಡುಕವನ್ನು ನುಂಗಿಕೊಂಡಿತು. ನೇರ ಓಟದಲ್ಲಿ ಅದು ನೂಲು ಹಿಡಿದಂತೆ ಹೋಯಿತು. ಆ ಮೊದಲ ಸುತ್ತಿನಲ್ಲಿ ಅಂಬಾದಾಸನ ಮೈ ಹಗುರಾಯಿತು. ಆದರೆ ತಿರುವಿನಲ್ಲಿ ಗಾಲಿಗಳು ಅವನು ಹೇಳಿದ್ದಕ್ಕಿಂತ ತಡವಾಗಿ ತಿರುಗಿದವು. ಕಾರು ಪೈಪಿಗೆ ತಾಗಿತು. ಅವನು ಮುಂಚಿತವಾಗಿ ತಿರುಗಿಸಿ ನೋಡಿದ. ಆಗ ಕೈಯೇ ತಡಮಾಡಿತು. ತಿರುಗು ಎಂದು ಮನಸ್ಸು ಅಂದುಕೊಂಡದ್ದಕ್ಕೂ ಬೆರಳು ತಿರುಗಿದ್ದಕ್ಕೂ ನಡುವೆ ಒಂದು ಗಳಿಗೆ ಎಲ್ಲೋ ಕಳೆದುಹೋಗುತ್ತಿತ್ತು. ಅದಕ್ಕೆ ಯಾವ ಸರ್ವೋದಲ್ಲೂ ಮದ್ದಿರಲಿಲ್ಲ. ಇಂಧನ ಅರ್ಧ ಇರುವಾಗಲೇ ಅವನು ಕಾರನ್ನು ನಿಲ್ಲಿಸಿದ.

"ಸಾಕು ಅಣ್ಣಾ. ಮಾರಿಬಿಡ್ರಿ."

ಕೊಳ್ಳುವವರು ಬಂದಾಗ ಮಣ್ಣು ಹಿಡಿದ ಕಾರನ್ನು ತೋರಿಸಬಾರದೆಂದು ಅಂಬಾದಾಸ ಚೀಲದಿಂದ ಬಟ್ಟೆ, ಬ್ರಷ್ ತೆಗೆದ. ಬ್ರಷ್ ಅವನ ಕೈಯಿಂದ ಜಾರಿ ಬಿತ್ತು. ಅದನ್ನು ಪುಂಡರೀಕಾಕ್ಷರು ಎತ್ತಿಕೊಂಡರು. ಹನ್ನೆರಡು ವರ್ಷದಲ್ಲಿ ಅವರು ಆ ಕಾರನ್ನು ಒಮ್ಮೆಯೂ ಒರೆಸಿದವರಲ್ಲ.

"ಎಲ್ಲಿಂದ ಶುರು ಮಾಡ್ಬೇಕು?"

"ಮೊದಲ ಎಣ್ಣಿ ಒರಸ್ರಿ. ಇಲ್ಲಾಂದ್ರ ಮಣ್ಣು ಅಂಟ್ಕೋತದ. ಹಂಗಲ್ಲ, ಒಳಗಿಂದ ಹೊರಗ."

ಬಿಸಿಲು ಏರಿತು. ಅವರ ಬಿಳಿ ಅಂಗಿಯ ತೋಳಿಗೆ ಮಸಿ ಹತ್ತಿತು. ಅಂಬಾದಾಸ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅಲುಗುವ ಕೈಯನ್ನು ತೊಡೆಗೂ ಹೊಟ್ಟೆಗೂ ನಡುವೆ ಅದುಮಿಟ್ಟುಕೊಂಡು, ಮುಂದೆ ಎಲ್ಲಿ ಒರೆಸಬೇಕೆಂದು ಹೇಳುತ್ತಿದ್ದ.